ಚಳಿಗಾಲದಲ್ಲಿ ಹಸಿರು ಹುಲ್ಲಿನ ಮಡಿಗೆ ನೀರು ಮತ್ತು ಆರೈಕೆ



ಸುಗ್ಗಿ ಮುಗಿಯುತ್ತ ಬಂದಂತೆ ಹಳ್ಳಿ ಹಳ್ಳಿಯಲ್ಲಿಯೂ ಒಂದೇ ಮಾತು ಕೇಳಿಬರುತ್ತದೆ: "ನೇಪಿಯರ್ ಹುಲ್ಲು ಹಳದಿಯಾಯಿತು, ಮೇಲೇಳುತ್ತಿಲ್ಲ. ವಾರಕ್ಕೆ ಎರಡು ಸಲ ನೀರು ಬಿಟ್ಟರೂ ಗುಣವಿಲ್ಲ." ಹೀಗೆನ್ನುವವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಹುಲ್ಲನ್ನು ತಡೆದು ನಿಲ್ಲಿಸಿರುವುದು ನೀರಿನ ಕೊರತೆಯಲ್ಲ, ಚಳಿ.

ಕಾರಣವೇನು?

ನಾವು ಬೆಳೆಯುವ ಮಿಶ್ರ ನೇಪಿಯರ್ ಹುಲ್ಲು ಸಜ್ಜೆ ಮತ್ತು ಆನೆಹುಲ್ಲುಗಳನ್ನು ಕೂಡಿಸಿ ಪಡೆದ ತಳಿ. ಇವೆರಡೂ ಸೆಕೆಯನ್ನು ಬಯಸುವ ಜಾತಿಗಳು. ರಾತ್ರಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇದರ ಬೆಳವಣಿಗೆ ಕುಂಠಿತವಾಗುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಮ್ಮ ಬಯಲುಸೀಮೆಯಲ್ಲಿ ಹಲವು ರಾತ್ರಿಗಳು ಇಷ್ಟು ತಂಪಾಗಿರುತ್ತವೆ. ಬೆಳೆಯದ ಹುಲ್ಲು ನೀರನ್ನೂ ಕಡಿಮೆ ಕುಡಿಯುತ್ತದೆ. ಆಗ ಮೇಲೆ ಮೇಲೆ ನೀರು ಬಿಟ್ಟರೆ ಬೇರಿಗೆ ಗಾಳಿ ಸಿಕ್ಕುವುದಿಲ್ಲ. ಮಣ್ಣಿನಲ್ಲಿದ್ದ ಸಾರಜನಕವೂ ಕೆಳಕ್ಕೆ ಬಸಿದುಹೋಗುತ್ತದೆ. ಗರಿ ಇನ್ನಷ್ಟು ಹಳದಿಯಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬುದು ಇಲ್ಲಿಗೆ ಸರಿಯಾದ ಮಾತು.

ಎಷ್ಟು ದಿನಕ್ಕೊಮ್ಮೆ ನೀರು?

ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕೇಳುವ ಮಡಿಗೆ ಚಳಿಗಾಲದಲ್ಲಿ ಕೆಂಪು ಭೂಮಿಯಾದರೆ ಸುಮಾರು 10ರಿಂದ 12 ದಿನ, ಕಪ್ಪು ಭೂಮಿಯಾದರೆ ಸುಮಾರು 15 ದಿನಕ್ಕೊಮ್ಮೆ ನೀರು ಸಾಕು. ಆದರೆ ದಿನ ಎಣಿಸುವುದಕ್ಕಿಂತ ಮಣ್ಣನ್ನು ನೋಡುವುದು ಮೇಲು. ಸಾಲಿನ ಮಧ್ಯೆ ಒಂದು ಗೇಣು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹಿಸುಕಿರಿ. ಉಂಡೆ ಕಟ್ಟಿದರೆ ನೀರು ಬೇಡ, ಉದುರಿದರೆ ಬಿಡಿರಿ. ಕಪ್ಪು ಭೂಮಿ ಬಿರುಕು ಬಿಡುವ ತನಕ ಕಾಯಬಾರದು. ಬಿರುಕು ಬೇರನ್ನು ಹರಿಯುತ್ತದೆ. ಬೆಳಗಿನ ಇಬ್ಬನಿಯನ್ನು ಕಂಡು "ನೆಲ ನೆನೆದಿದೆ" ಎಂದು ಮೋಸಹೋಗಬೇಡಿರಿ. ಅದು ಗರಿಯ ಮೇಲಿನ ತೇವ, ಬೇರಿಗೆ ಇಳಿಯುವಂಥದಲ್ಲ. ಮೂಡಲ ಒಣಗಾಳಿ ಬೀಸುವ ದಿನಗಳಲ್ಲಿ ಮಣ್ಣನ್ನು ಇನ್ನೂ ಬೇಗ ಪರೀಕ್ಷಿಸಿರಿ.

ಲೆಕ್ಕ ನೋಡಿರಿ. ಒಂದು ಗುಂಟೆಗೆ ಎರಡು ಅಂಗುಲ ನೀರು ನಿಲ್ಲಿಸಲು ಸುಮಾರು 5,000 ಲೀಟರ್ ಬೇಕು. ಐದು ಗುಂಟೆಗೆ 25,000 ಲೀಟರ್. ಎರಡು ತಿಂಗಳಲ್ಲಿ ಎಂಟು ಸಲದ ಬದಲು ನಾಲ್ಕು ಸಲ ನೀರು ಬಿಟ್ಟರೆ ಒಂದು ಲಕ್ಷ ಲೀಟರ್ ಎತ್ತುವುದು ತಪ್ಪುತ್ತದೆ. ಅಷ್ಟೂ ನಿಮ್ಮ ಬಾವಿಯಲ್ಲೇ ಉಳಿಯುತ್ತದೆಂದು ಹೇಳಲಾಗದು. ಅಂತರ್ಜಲಕ್ಕೆ ಬದು, ಬೇಲಿ ಇಲ್ಲ. ಆದರೂ ಬಾವಿಯ ಮೇಲಿನ ಹೊರೆ ಇಳಿಯುತ್ತದೆ. ನೆರೆಹೊರೆಯವರೆಲ್ಲ ಹೀಗೆಯೇ ನಡೆದರೆ ಶಿವರಾತ್ರಿ ಕಳೆದ ಮೇಲೆ, ಹುಲ್ಲು ನಿಜವಾಗಿ ನೀರು ಬೇಡುವಾಗ, ಊರಿನ ಬಾವಿಗಳು ಕೈಕೊಡುವುದು ತಪ್ಪೀತು.

ಕೊಯ್ಲು

ಇಲ್ಲಿಯೇ ಹಲವರು ಎಡವುವುದು. ಮಡಿಯನ್ನು ಒಂಬತ್ತು ಪಟ್ಟಿಗಳಾಗಿ ಮಾಡಿ, ಒಂದೊಂದನ್ನು ಐದು ದಿನ ಕೊಯ್ದರೆ 45 ದಿನಕ್ಕೆ ಮೊದಲ ಪಟ್ಟಿಗೆ ಬರುತ್ತೇವೆ. ಬೇಸಿಗೆಗೆ, ಮಳೆಗಾಲಕ್ಕೆ ಇದು ಸರಿ. ಚಳಿಗಾಲದಲ್ಲಿ ಅಷ್ಟರೊಳಗೆ ಹುಲ್ಲು ಬಲಿತಿರುವುದಿಲ್ಲ. ಎಳೆಯದನ್ನೇ ಕೊಯ್ಯುತ್ತ ಹೋದರೆ ಬುಡ ಸೊರಗಿ, ಬೇಸಿಗೆಗೆ ಮಡಿಯೇ ಬರಿದಾಗುತ್ತದೆ. ಆದ್ದರಿಂದ ಒಂದೊಂದು ಪಟ್ಟಿ ಏಳು ದಿನ ಬರುವಂತೆ ಕೊಯ್ಯಿರಿ. ಆಗ ಸುತ್ತು 63 ದಿನಗಳದಾಗುತ್ತದೆ. ಕಡಿಮೆಯಾದ ಹಸಿರಿಗೆ ಬದಲಾಗಿ ರಾಗಿ ಹುಲ್ಲು ಅಥವಾ ಜೋಳದ ಸೊಪ್ಪೆಯನ್ನು ಕತ್ತರಿಸಿ ಬೆರೆಸಿರಿ. ಈ ಕಾಲದಲ್ಲಿ ಬಣವೆ ತುಂಬಿಯೇ ಇರುತ್ತದಲ್ಲವೆ? ನೆಲದಿಂದ ಅರ್ಧ ಗೇಣು ಬಿಟ್ಟು ಹರಿತವಾದ ಕುಡುಗೋಲಿನಿಂದ ಕೊಯ್ಯಿರಿ.

ಇತರ ಆರೈಕೆ

1. ಕೊಯ್ದ ಪಟ್ಟಿಯ ಒಣಗಿದ ಕೂಳೆ, ಕಳೆಗಳನ್ನು ತೆಗೆದು ಸಾಲಿನ ಮಧ್ಯೆ ಹಗುರವಾಗಿ ಅಗೆಯಿರಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬುಡಕ್ಕೆ ಕೊಟ್ಟು ಮಣ್ಣೇರಿಸಿರಿ.

2. ಚಳಿ ಬಿಗಿಯಾಗಿರುವಾಗ ಯೂರಿಯಾ ಸುರಿಯಬೇಡಿರಿ; ಅದು ವ್ಯರ್ಥ. ಚಳಿ ಇಳಿದು ಹೊಸ ಚಿಗುರು ಕಂಡಾಗ ಗುಂಟೆಗೆ ಒಂದು ಕಿಲೋ ಮೀರದಂತೆ ಹಾಕಿ ನೀರು ಬಿಡಿರಿ.

3. ಸತ್ತ ಬುಡಗಳ ಜಾಗದಲ್ಲಿ ಹೊಸ ತುಂಡು ನೆಡುವುದನ್ನೂ ಶಿವರಾತ್ರಿಯ ಸುಮಾರಿಗೆ ಇಟ್ಟುಕೊಳ್ಳಿರಿ.

ಕುದುರೆ ಮಸಾಲೆ ಸೊಪ್ಪಿನ ರೀತಿಯೇ ಬೇರೆ. ಅದಕ್ಕೆ ತಂಪು ಹವೆ ಹಿತ. ಚಳಿಗಾಲದ ಹಸಿರು ಬೇಕೆನ್ನುವವರು ಒಂದು ಗುಂಟೆಯನ್ನಾದರೂ ಇದಕ್ಕೆ ಮೀಸಲಿಡಬೇಕು. ಎಲೆಯಿಲ್ಲದ ಹಳದಿ ದಾರದಂಥ ಬಳ್ಳಿ ಹಬ್ಬಿದ್ದು ಕಂಡರೆ, ಅದು ಸುತ್ತಿದ ಗಿಡಸಹಿತ ಕಿತ್ತು ಸುಡಿರಿ. ಇಬ್ಬನಿಯಿಂದ ತೊಯ್ದ ಈ ಸೊಪ್ಪನ್ನು ಹಸಿದ ದನಕ್ಕೆ ಎಂದಿಗೂ ಹಾಕಬೇಡಿರಿ. ಹೊಟ್ಟೆಯುಬ್ಬರವಾಗಿ ದನ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಮೊದಲು ಒಣಹುಲ್ಲು, ಆಮೇಲೆ ಬಾಡಿಸಿದ ಸೊಪ್ಪು. ಎಡ ಪಕ್ಕೆ ಉಬ್ಬಿ ದನ ಮೇವು ಬಿಟ್ಟರೆ ತಡಮಾಡದೆ ಪಶುವೈದ್ಯರನ್ನು ಕರೆಯಿಸಿರಿ.

ಶಾಲೆಯ ಮುಂದಿನ ಗರಿಕೆ

ಶಾಲೆ, ಪಂಚಾಯಿತಿಗಳ ಮುಂದೆ ಬೆಳೆಸಿದ ಗರಿಕೆಗೂ ಇದೇ ನ್ಯಾಯ. ಚಳಿಗೆ ಅದು ಕಂದಿದರೆ ಸತ್ತಿತೆಂದು ಅಗೆಯಬೇಡಿರಿ, ಬೇರು ಜೀವಂತವಾಗಿರುತ್ತದೆ. ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೊಮ್ಮೆ, ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ, ಬೇರು ನೆನೆಯುವಂತೆ ಹಾಯಿಸಿರಿ. ಸಂಜೆ ನೀರು ಹಾಕಿದರೆ ರಾತ್ರಿಯೆಲ್ಲ ಗರಿ ಒದ್ದೆಯಿದ್ದು ರೋಗಕ್ಕೆ ಎಡೆಯಾದೀತು. ಕತ್ತರಿಸುವಾಗ ಎರಡು ಬೆರಳಷ್ಟಾದರೂ ಎತ್ತರ ಬಿಡಿರಿ.

ಚಳಿಗಾಲದಲ್ಲಿ ಹುಲ್ಲಿನ ಬುಡವನ್ನು ಉಳಿಸಿಕೊಂಡವನ ಕೊಟ್ಟಿಗೆಯಲ್ಲಿ ಬೇಸಿಗೆಗೆ ಹಾಲು ಉಳಿಯುತ್ತದೆ. ನಾಳೆ ಬೆಳಿಗ್ಗೆ ಪಂಪಿನ ಗುಂಡಿ ಒತ್ತುವ ಮೊದಲು ಒಂದು ಹಿಡಿ ಮಣ್ಣು ಹಿಸುಕಿ ನೋಡಿರಿ.