ಅಲೆನ್ ಕೀಗೆ ಜರ್ಮನ್‌ನಲ್ಲಿ ಏನೆನ್ನಬೇಕು?

ಪ್ರಶ್ನೆ: ಉಪಕರಣಗಳ ಇಂಗ್ಲಿಷ್ ಹೆಸರನ್ನು ಜರ್ಮನ್‌ಗೆ ತರಲು ನಿಘಂಟೊಂದೇ ಸಾಕಲ್ಲವೆ?

ಉತ್ತರ: ಸಾಲದು. ಅಲೆನ್ ಕೀಯನ್ನೇ ನೋಡಿ. ತಲೆಯಲ್ಲಿ ಆರು ಮೂಲೆಯ ಗುಳಿಯಿರುವ ಸ್ಕ್ರೂ ತಿರುಗಿಸುವ ಆ ಬಾಗಿದ ಕಡ್ಡಿಯನ್ನು ಜರ್ಮನ್ನರು 'ಇನ್‌ಬುಸ್‌ಶ್ಲ್ಯುಸೆಲ್' ಎನ್ನುತ್ತಾರೆ. 'ಇನ್‌ಬುಸ್' ನಿಘಂಟಿನಲ್ಲಿ ಹುಟ್ಟಿದ ಪದವಲ್ಲ. ಇಂಥ ಸ್ಕ್ರೂಗಳನ್ನು 1930ರ ದಶಕದಲ್ಲಿ ತಯಾರಿಸಿದ 'ಬೌವರ್ ಉಂಡ್ ಶೌರ್ಟೆ' ಕಂಪನಿ, ಸ್ಕ್ರೂವಿನ ಹೆಸರಿಗೆ ತನ್ನ ಹೆಸರಿನ ಅಕ್ಷರ ಸೇರಿಸಿ ಕಟ್ಟಿದ್ದು. ಅದು ಬ್ರಾಂಡ್ ಹೆಸರಾದ್ದರಿಂದ ಕೈಪಿಡಿಗಳಲ್ಲಿ 'ಇನ್ನೆನ್‌ಸೆಕ್ಸ್‌ಕಾಂಟ್‌ಶ್ಲ್ಯುಸೆಲ್', ಅಂದರೆ ಒಳ-ಷಟ್ಕೋನದ ಕೀ, ಎಂದು ಬರೆಯುವುದೇ ಕ್ಷೇಮ.

ಸ್ಕ್ರೂಡ್ರೈವರ್‌ಗಂತೂ ಎರಡು ಹೆಸರು. ಜನರ ಬಾಯಲ್ಲಿ 'ಶ್ರೌಬೆನ್‌ತ್ಸೀಯರ್', ಎಳೆಯುವಂಥದ್ದು. ಜರ್ಮನಿಯ ಡಿಐಎನ್ ಮಾನದಂಡದಲ್ಲಿ 'ಶ್ರೌಬೆನ್‌ಡ್ರೇಯರ್', ತಿರುಗಿಸುವಂಥದ್ದು. ಕೈಪಿಡಿಗೆ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಮಾತ್ರ ಮೊದಲನೆಯದನ್ನು ಕೇಳಿ, ತಕ್ಷಣ ಕೊಡುತ್ತಾರೆ.