ಅರಸ ಹೋದ ಮೇಲೆ ಉಳಿಯುವುದೇನು?

ಚಿತ್ರದುರ್ಗದ ಬುಡದಲ್ಲಿರುವ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಅಷ್ಟು ದೊಡ್ಡ ಸಾಮ್ರಾಜ್ಯ ಆಳಿದರೂ ಅವನು ತನ್ನನ್ನು ‘ರಾಜ’ ಎಂದು ಕರೆದುಕೊಳ್ಳಲಿಲ್ಲ. ಆ ಬಿರುದು ರೋಮಿನಲ್ಲಿ ಐದು ಶತಮಾನಗಳಿಂದ ಬೈಗುಳವಾಗಿತ್ತು.

ಐತಿಹ್ಯದಂತೆ ರೋಮನ್ನರು ಕೊನೆಯ ಅರಸ ಟಾರ್ಕ್ವಿನ್‌ನನ್ನು ಕ್ರಿ.ಪೂ. 509ರಲ್ಲಿ ಓಡಿಸಿದರು. ಈ ಕಥೆಗಳು ಬಹಳ ತಡವಾಗಿ ಬರಹಕ್ಕಿಳಿದವು, ಹಾಗಾಗಿ ಇತಿಹಾಸಕಾರರು ಅವನ್ನು ಪೂರ್ತಿ ನಂಬುವುದಿಲ್ಲ. ಆದರೆ ಮುಂದಿನ ವ್ಯವಸ್ಥೆಯಲ್ಲಿ ಅರಸೊತ್ತಿಗೆಯ ಗುರುತುಗಳು ಎದ್ದು ಕಾಣುತ್ತವೆ. ಅರಸನ ದಂಡಾಧಿಕಾರ ಇಬ್ಬರು ಕಾನ್ಸಲ್‌ಗಳ ಕೈಗೆ ಹೋಯಿತು, ಅದೂ ಒಂದೇ ವರ್ಷಕ್ಕೆ. ಒಬ್ಬನ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದಿತ್ತು. ಅರಸನ ಮುಂದೆ ಸೌದೆಕಟ್ಟಿನಲ್ಲಿ ಕೊಡಲಿ ಸಿಕ್ಕಿಸಿಕೊಂಡು ನಡೆಯುತ್ತಿದ್ದ ಹನ್ನೆರಡು ಭಟರು ಈಗ ಕಾನ್ಸಲ್‌ನ ಮುಂದೆ ನಡೆದರು. ಅರಸನೇ ಮಾಡಬೇಕಿದ್ದ ಪೂಜೆಗೆಂದು ‘ಯಜ್ಞರಾಜ’ನೆಂಬ ಅರ್ಚಕನನ್ನು ನೇಮಿಸಿ, ಅವನಿಗೆ ರಾಜಕೀಯ ಹುದ್ದೆಗಳನ್ನು ನಿಷೇಧಿಸಿದರು. ಅರಸ ಸತ್ತಾಗ ಸೆನೆಟ್ಟಿನ ಹಿರಿಯರು ಐದೈದು ದಿನ ಸರದಿಯಲ್ಲಿ ಆಳುವ ಪದ್ಧತಿಯಿತ್ತಂತೆ. ಕಾನ್ಸಲ್‌ಗಳಿಲ್ಲದ ವೇಳೆ ಗಣರಾಜ್ಯವೂ ಅದನ್ನೇ ಬಳಸಿತು. ಅರಸನನ್ನು ಅಟ್ಟಿದವರು ಅವನ ಅಧಿಕಾರವನ್ನು ಬಿಡಿಬಿಡಿಯಾಗಿ ಹಂಚಿಕೊಂಡರು.

ದುರ್ಗದ ಪಾಳೆಯಗಾರರಲ್ಲಿ ಆ ಹಂಚಿಕೆ ನಡೆಯಲೇ ಇಲ್ಲ. ಅವಕಾಶ ಬಾರದೆ ಇರಲಿಲ್ಲ. 17ನೇ ಶತಮಾನದ ಕೊನೆಯಲ್ಲಿ ದಳವಾಯಿ ಮುದ್ದಣ್ಣ ನಾಯಕರನ್ನು ಪಟ್ಟಕ್ಕೇರಿಸುವ, ಇಳಿಸುವ ಮಟ್ಟಕ್ಕೆ ಬೆಳೆದಿದ್ದ. ಅವನನ್ನು ಕೊಂದರೇ ಹೊರತು ದಳವಾಯಿ ಪದವಿಗೆ ಅವಧಿಯನ್ನೋ ಜೊತೆಗಾರನನ್ನೋ ಗೊತ್ತುಮಾಡುವ ಕಟ್ಟಳೆ ಹುಟ್ಟಲಿಲ್ಲ. ನಂತರ ಪಟ್ಟಕ್ಕೆ ಬಂದ ಭರಮಣ್ಣ ನಾಯಕ ಕೆರೆ, ಗುಡಿ, ಮಠ ಕಟ್ಟಿಸಿ ಒಳ್ಳೆಯ ಹೆಸರು ಪಡೆದ. ಆದರೆ ಎಲ್ಲವೂ ನಾಯಕನೊಬ್ಬನ ಯೋಗ್ಯತೆಯ ಮೇಲೇ ನಿಂತಿತ್ತು. 1754ರಲ್ಲಿ ಉತ್ತರಾಧಿಕಾರಿಯಿಲ್ಲದೆ ಹೊಸದುರ್ಗ ಸೀಮೆಯ ಜಾನಕಲ್ಲಿನಿಂದ ಎಳೆಯ ಹುಡುಗನನ್ನು ಕರೆತಂದು ಪಟ್ಟ ಕಟ್ಟಿದರು. ಅವನೇ ಕೊನೆಯ ಮದಕರಿ ನಾಯಕ. ಅವನ ಶೌರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ 1779ರಲ್ಲಿ ಹೈದರಾಲಿ ಅವನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಸಂಸ್ಥಾನವೇ ಅಳಿಯಿತು. ನಾಯಕನಿಲ್ಲದೆ ಅದನ್ನು ನಡೆಸುವ ಪೀಠ ಬೇರೊಂದಿರಲಿಲ್ಲ.

ಹಿರಿಯೂರು, ಹೊಳಲ್ಕೆರೆ ಸೀಮೆಯ ಹಳ್ಳಿಗಳಲ್ಲಿ ಗೌಡ, ಶಾನುಭೋಗ, ತಳವಾರ, ನೀರುಗಂಟಿಗಳ ಕೆಲಸ ಮಾತ್ರ ನಿಲ್ಲಲಿಲ್ಲ. ಈ ಏರ್ಪಾಡು ಪಾಳೆಯಗಾರರಿಗಿಂತ ಹಳೆಯದು. ಹೈದರ್, ಟಿಪ್ಪು, ಒಡೆಯರು, ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯನ್ನೆಲ್ಲ ದಾಟಿ ಬಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದದ್ದು ಮೈಸೂರು ಶಾಸನಸಭೆಯ 1961ರ ಕಾಯ್ದೆಯಿಂದ.