ಹೃದಯದ ಮಾತು: ಲಾನ್ ಹಸಿರಾಗಿದೆ, ಮಾಲಿ ಕಾಕಾ ಹೇಗಿದ್ದಾರೆ?



ಪುಣೆ, ಮುಂಬೈ, ಹೈದರಾಬಾದ್, ದೆಹಲಿ ಎಂದು ಊರು ಬಿಟ್ಟು ಬಂದ ನಮ್ಮಲ್ಲಿ ಹೌಸಿಂಗ್ ಸೊಸೈಟಿಯ ಫ್ಲ್ಯಾಟಿನಲ್ಲಿ ಇರುವವರೂ ಇದ್ದಾರೆ, ಅದೇ ಸೊಸೈಟಿಯ ತೋಟದಲ್ಲಿ ದುಡಿಯುವವರೂ ಇದ್ದಾರೆ. ಇವತ್ತಿನ ಬರಹ ಇಬ್ಬರಿಗೂ.

ಒಂದು ಮೇ ತಿಂಗಳ ಸಂಜೆ ಪುಣೆಯಲ್ಲಿ ನಮ್ಮ ತುರ್ತು ವಿಭಾಗಕ್ಕೆ ಯಾದಗಿರಿ ಕಡೆಯ ಕಾಕಾ ಒಬ್ಬರು ಬಂದರು. ವಯಸ್ಸು 52. ತೋಟದ ಕೆಲಸ. "ಎದಿ ನೋವಲ್ರೀ ಡಾಕ್ಟರ್ರ, ಹೊಟ್ಟ್ಯಾಗ ಗ್ಯಾಸ್ ಆಗೇತಿ" ಎಂದರು. ಇಸಿಜಿ ತೆಗೆದರೆ ಹೃದಯಾಘಾತ. ಉರಿ ಶುರುವಾಗಿದ್ದು ಬೆಳಿಗ್ಗೆ 11ಕ್ಕೆ, ಅವರು ಬಂದದ್ದು ಸಂಜೆ 5ಕ್ಕೆ. ನಡುವೆ ಒಂದು ಸೋಡಾ ಕುಡಿದು, ಉಳಿದ ಹುಲ್ಲು ಕತ್ತರಿಸಿ ಮುಗಿಸಿದ್ದರು. ಯಾಕೆ ಕಾಕಾ ಎಂದರೆ, "ಅರ್ಧ ದಿನದ ಪಗಾರ ಕಡೀತಾರ್ರೀ" ಎಂದರು.

ಸ್ಟೆಂಟ್ ಹಾಕಿದೆವು, ಜೀವ ಉಳಿಯಿತು. ಆದರೆ ಆ ಆರು ತಾಸಿನಲ್ಲಿ ಸತ್ತ ಹೃದಯದ ಸ್ನಾಯು ಮರಳಿ ಬರುವುದಿಲ್ಲ.

ಆಮೇಲೆ ವಿಚಾರಿಸಿದಾಗ ತಿಳಿಯಿತು: ಮಗಳ ಮದುವೆಗೆಂದು ಮೂರು ವಾರ ಊರಿಗೆ ಹೋಗಿದ್ದವರು ಹಿಂದಿನ ರಾತ್ರಿಯಷ್ಟೇ ಬಸ್ಸಿಳಿದಿದ್ದರು. ಮೊದಲ ದಿನವೇ ಪೂರ್ತಿ ಬಿಸಿಲಿನಲ್ಲಿ ಪೂರ್ತಿ ಕೆಲಸ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಬೇರೆ ನುಂಗುತ್ತಿದ್ದರು. ಬಿಸಿಲೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಬೀಡಿ, ಬಿಪಿ ಎರಡೂ ಅವರ ರಕ್ತನಾಳವನ್ನು ವರ್ಷಗಟ್ಟಲೆ ಕೆಡಿಸಿದ್ದವು. ಬಿಸಿಲು ಕೊನೆಯ ಏಟು ಕೊಟ್ಟಿರಬಹುದು.

*ಬಿಸಿಲಿನಲ್ಲಿ ಹೃದಯಕ್ಕೆ ಏನಾಗುತ್ತದೆ?*

ದುಡಿಯುವಾಗ ಸ್ನಾಯುಗಳಿಗೆ ರಕ್ತ ಬೇಕು. ಮೈ ತಣ್ಣಗಾಗಲು ಚರ್ಮಕ್ಕೂ ರಕ್ತ ಬೇಕು. ಹೃದಯ ಏಕಕಾಲಕ್ಕೆ ಎರಡು ಪಾಳಿ ಮಾಡಬೇಕು. ಬಿರುಬಿಸಿಲಿನ ಭಾರದ ಕೆಲಸದಲ್ಲಿ ತಾಸಿಗೆ ಒಂದು ಲೀಟರಿಗೂ ಹೆಚ್ಚು ಬೆವರು ಹೋಗಬಹುದು. ನೀರು ಕುಡಿಯದಿದ್ದರೆ ರಕ್ತ ಗಟ್ಟಿಯಾಗುತ್ತದೆ, ಬಿಪಿ ಇಳಿಯುತ್ತದೆ, ಬಡಿತ ಏರುತ್ತದೆ. ಗಟ್ಟಿ ಹೃದಯ ತಡೆದುಕೊಳ್ಳುತ್ತದೆ. ಒಳಗೆ ಬ್ಲಾಕ್ ಇರುವ ಹೃದಯ ಎಡವುತ್ತದೆ. ಬ್ಲಾಕ್ ಇದೆಯೆಂದು ಬಹಳ ಜನರಿಗೆ ಮೊದಲೇ ಗೊತ್ತಿರುವುದಿಲ್ಲ.

*ತೋಟದಲ್ಲಿ ದುಡಿಯುವವರಿಗೆ*

1. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಊರಲ್ಲಿ ವಾರಗಟ್ಟಲೆ ಕೆಲಸ ಬಿಟ್ಟು ಕೂತರೆ ಆ ಒಗ್ಗಿಕೆ ಹೋಗುತ್ತದೆ. ಹೊಸಬರಾದರೆ ಮೊದಲ ದಿನ ಬಿಸಿಲಿನ ಕೆಲಸ ಐದನೇ ಒಂದು ಪಾಲು, ಆಮೇಲೆ ದಿನಕ್ಕೆ ಅಷ್ಟಷ್ಟೇ ಹೆಚ್ಚಿಸಿ. ಹಳಬರು ರಜೆ ಮುಗಿಸಿ ಬಂದರೆ ಮೊದಲ ದಿನ ಅರ್ಧ, ನಾಲ್ಕನೇ ದಿನಕ್ಕೆ ಪೂರ್ತಿ.

2. ಬಾಯಾರಿಕೆಗೆ ಕಾಯಬೇಡಿ. ಬಿಸಿಲಿನಲ್ಲಿ ಪ್ರತಿ 15–20 ನಿಮಿಷಕ್ಕೆ ಒಂದು ಲೋಟ ನೀರು. ನಡುವೆ ಮಜ್ಜಿಗೆ ಒಳ್ಳೆಯದು. ಬಿಪಿ ಇದ್ದರೆ ಮೇಲೆ ಉಪ್ಪು ಸುರಿದುಕೊಳ್ಳಬೇಡಿ. ಹೃದಯ ದುರ್ಬಲವಿರುವವರು, ಕಿಡ್ನಿ ತೊಂದರೆ ಇರುವವರು ಎಷ್ಟು ನೀರು ಎಂದು ನಿಮ್ಮ ವೈದ್ಯರನ್ನೇ ಕೇಳಿ.

3. ಗೊಬ್ಬರದ ಚೀಲ ಹೊರುವುದು, ಗುಂಡಿ ತೋಡುವುದು, ಹುಲ್ಲು ಕತ್ತರಿಸುವ ಯಂತ್ರ ತಳ್ಳುವುದು: ಇವೆಲ್ಲ ಬೆಳಿಗ್ಗೆ ಬೇಗ ಮುಗಿಯಲಿ. ಮಧ್ಯಾಹ್ನ ನೆರಳಿನಲ್ಲಿ ಕುಂಡದ ಕೆಲಸ ಇಟ್ಟುಕೊಳ್ಳಿ.

4. ಬಿಪಿ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಆದರೆ "ನಾನು ಬಿಸಿಲಿನಲ್ಲಿ ಕೆಲಸ ಮಾಡುತ್ತೇನೆ" ಎಂದು ವೈದ್ಯರಿಗೆ ಹೇಳಿ. ಬೇಸಿಗೆಯಲ್ಲಿ ಮಾತ್ರೆ ಬದಲಿಸಬೇಕಾಗಬಹುದು.

*ಗ್ಯಾಸ್ ಎಂದು ಕೂರಬೇಡಿ*

ಎದೆಯ ನಡುವೆ ಒತ್ತಿದಂತೆ, ಉರಿದಂತೆ, ದವಡೆಗೋ ಎಡಗೈಗೋ ಹರಿದಂತೆ ಆಗಿ, ತಣ್ಣನೆಯ ಬೆವರು ಬಂದರೆ ಕೆಲಸ ಅಲ್ಲಿಗೇ ಬಿಡಿ. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. 108 ಅಥವಾ 112ಕ್ಕೆ ಕರೆ ಮಾಡಿ. ಇಸಿಜಿ ಇರುವ ಆಸ್ಪತ್ರೆಗೇ ಹೋಗಿ.

ಕುಸಿದು ಬಿದ್ದವರು ಕೂಗಿದರೂ ಮಿಸುಕದೆ, ಸರಿಯಾಗಿ ಉಸಿರಾಡದೆ ಇದ್ದರೆ, ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಟ್ಟನಡುವೆ ಎರಡೂ ಕೈಯಿಂದ 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಲಿ. ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬಾರದು.

*ಮಾತು ತಡವರಿಸಿದರೆ ಮೊದಲು ಪೈಪ್ ಹಿಡಿಯಿರಿ*

ಬಿಸಿಲಿನಲ್ಲಿ ದುಡಿಯುತ್ತಿದ್ದವರು ಏನೇನೋ ಮಾತಾಡಿದರೆ, ತೂರಾಡಿದರೆ, ಮೈ ಕೆಂಡದಂತಿದ್ದರೆ ಅದು ಬಿಸಿಲಿನ ಹೊಡೆತ. ಮೈಯೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. "ಬೆವರುತ್ತಿದ್ದಾನಲ್ಲ, ಏನಿಲ್ಲ ಬಿಡಿ" ಎನ್ನಬೇಡಿ. ದುಡಿಯುವವರಲ್ಲಿ ಬೆವರು ನಿಲ್ಲದೆಯೂ ಇದು ಬರುತ್ತದೆ. ನೆರಳಿಗೆ ಎಳೆದು, ಅಂಗಿ ಸಡಿಲಿಸಿ, ತೋಟದ ಪೈಪಿನಿಂದಲೇ ಮೈಮೇಲೆ ನೀರು ಬಿಡಿ. ಪೈಪಿನಲ್ಲಿ ನಿಂತ ಬಿಸಿ ನೀರು ಮೊದಲು ಹರಿದುಹೋಗಲಿ. ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯಿಂದ ಇದು ಇಳಿಯುವುದಿಲ್ಲ.

*'ಎಣ್ಣಿ' ಹೊಡೆಯುವಾಗ*

ಊರ ಕಡೆ ಎಣ್ಣಿ ಎನ್ನುವ ಕೀಟನಾಶಕ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು. ಡಬ್ಬಿಯ ಮೇಲಿನ ಬಣ್ಣ ನೋಡಿ: ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ಕೈಗವಸು, ತುಂಬು ತೋಳಿನ ಅಂಗಿ, ಸರಿಯಾದ ಮಾಸ್ಕ್ ಇರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಸೋಪು ಹಾಕಿ ಕೈ ತೊಳೆಯದೆ ಬೀಡಿಯನ್ನೂ ಮುಟ್ಟಬೇಡಿ, ರೊಟ್ಟಿಯನ್ನೂ ಮುಟ್ಟಬೇಡಿ.

ಹೊಡೆದ ಮೇಲೆ ಜೊಲ್ಲು, ಕಣ್ಣೀರು, ವಾಂತಿ, ಏದುಸಿರು ಬಂದು ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ಅದು ವಿಷವೇರಿದ ಲಕ್ಷಣ. ಕೆಲವು ಕೀಟನಾಶಕಗಳು ಹೃದಯದ ಬಡಿತವನ್ನೇ ತೀರಾ ನಿಧಾನ ಮಾಡುತ್ತವೆ. ಬಟ್ಟೆ ಬಿಚ್ಚಿ, ಮೈ ತೊಳೆದು ಆಸ್ಪತ್ರೆಗೆ ಓಡಿ. *ಡಬ್ಬಿ ಜೊತೆಗೆ ತನ್ನಿ.* ಯಾವ ವಿಷ ಎಂದು ತಿಳಿದರೆ ಸರಿಯಾದ ಔಷಧ ಬೇಗ ಕೊಡಬಹುದು.

ಇನ್ನೊಂದು ಮಾತು. ಸೊಸೈಟಿಯ ಬೇಲಿಗೆ, ರಸ್ತೆಯ ನಡುವೆ ಸಾಲಾಗಿ ನೆಡುವ ಕಣಗಿಲೆಯ ಎಲೆ, ಕಡ್ಡಿ, ಬೀಜ ಹೊಟ್ಟೆಗೆ ಹೋದರೆ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸುತ್ತವೆ. ಕತ್ತರಿಸುವಾಗ ಕೈಗವಸು ಹಾಕಿ. ಆ ಕಡ್ಡಿಯಿಂದ ಹಲ್ಲುಜ್ಜಬೇಡಿ, ಒಲೆಗೆ ಹಾಕಬೇಡಿ.

*ಸೊಸೈಟಿ ಕಮಿಟಿಯಲ್ಲಿರುವವರಿಗೆ*

ಗುತ್ತಿಗೆದಾರನ ಬಿಲ್ ಪಾಸ್ ಮಾಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಮಾಲಿಗಳಿಗೆ ಕುಡಿಯುವ ನೀರು, ಕೂರಲು ನೆರಳು ಎಲ್ಲಿದೆ? ಕೈಗವಸು, ಮಾಸ್ಕ್ ಕೊಟ್ಟಿದ್ದೀರಾ? ಇಎಸ್ಐ ಕಟ್ಟುತ್ತಿದ್ದೀರಾ? ಹುಷಾರಿಲ್ಲ ಎಂದವರ ಪಗಾರ ಕಡಿಯುತ್ತೀರಾ? ಕೊನೆಯ ಪ್ರಶ್ನೆಯೇ ಮುಖ್ಯ. ಅರ್ಧ ದಿನದ ಪಗಾರ ಹೋಗುವುದಿಲ್ಲ ಎಂದು ಗೊತ್ತಿದ್ದರೆ ಕಾಕಾ 11ಕ್ಕೇ ಬರುತ್ತಿದ್ದರು.

ಎರಡು ತಿಂಗಳ ನಂತರ ತಪಾಸಣೆಗೆ ಬಂದಾಗ ಅವರು ಕೇಳಿದ್ದು ಒಂದೇ: "ಮತ್ತ ಕೆಲಸಕ್ಕ ಹೋಗಬೋದೇನ್ರೀ?" ಅಷ್ಟರಲ್ಲಿ ಅವರ ಜಾಗಕ್ಕೆ ಗುತ್ತಿಗೆದಾರ ಬೇರೆಯವರನ್ನು ಹಾಕಿಕೊಂಡಿದ್ದ. ನೆರಳಿನಲ್ಲಿ ಸಸಿ ನೆಡುವುದು, ಕುಂಡ ತುಂಬುವುದು ಮಾಡಬಹುದು, ಚೀಲ ಹೊರುವುದು, ಯಂತ್ರ ತಳ್ಳುವುದು ಬೇಡ ಎಂದು ಚೀಟಿ ಬರೆದುಕೊಟ್ಟೆ. ನನ್ನ ಕೈಲಾದದ್ದು ಅಷ್ಟೇ. ಅಂಥ ಚೀಟಿಗೆ ಬೆಲೆ ಕೊಡಬೇಕಾದವರು ನೀವು.

ನಾಳೆ ಬೆಳಿಗ್ಗೆ ವಾಕಿಂಗ್ ಹೋದಾಗ ಮಾಲಿಯವರನ್ನು ಒಮ್ಮೆ ಮಾತಾಡಿಸಿ. ನಮ್ಮ ಕಡೆಯವರೇ ಆಗಿದ್ದರೆ ಇದನ್ನು ಕನ್ನಡದಲ್ಲೇ ಓದಿ ಹೇಳಿ. ಓದಿದ ಮೇಲೆ ನಿಮ್ಮ ಸೊಸೈಟಿ ಗ್ರೂಪಿಗೂ ಕಳಿಸಿ.

ಎಲ್ಲರ ಹೃದಯ ಚೆನ್ನಾಗಿರಲಿ.